ಕಿತ್ತಳೆ ಪಟ್ಟೆಯ ಪೀಪಾಯಿಗಳ ಲೆಕ್ಕ

1977ರಲ್ಲಿ ಷಿಕಾಗೊ ನಗರದ ಮಾಜಿ ಸೈನಿಕರ ಇಲಾಖೆಯ ಕಚೇರಿಗೆ ಒಂದು ಫೋನ್ ಬಂತು. ಎತ್ತಿಕೊಂಡವರು ಮಾಡ್ ಡಿವಿಕ್ಟರ್. ಪಿಂಚಣಿ, ಪರಿಹಾರ ಕೇಳಿಕೊಂಡು ಬರುವವರಿಗೆ ದಾರಿ ತೋರಿಸಿ ಅರ್ಜಿ ಹಾಕಿಸುವುದು ಅವರ ಕೆಲಸ. ಆ ಕಡೆಯಿಂದ ಮಾತನಾಡಿದ್ದು ವಾಯುಪಡೆಯಲ್ಲಿ ದುಡಿದು ಬಂದಿದ್ದ ಒಬ್ಬರ ಹೆಂಡತಿ. ಗಂಡನಿಗೆ ಕ್ಯಾನ್ಸರ್, ಉಳಿಯುವ ಲಕ್ಷಣವಿಲ್ಲ. ವಿಯೆಟ್ನಾಂನಲ್ಲಿ ವಿಮಾನದಿಂದ ಸುರಿದ ರಾಸಾಯನಿಕದಿಂದಲೇ ತನಗೆ ಹೀಗಾಯಿತು ಎಂದು ಆತ ಹೇಳುತ್ತಿದ್ದರು. ಆಮೇಲೆ ಆತ ತೀರಿಕೊಂಡರು. ಸಾವಿಗೂ ಸೇವೆಗೂ ಸಂಬಂಧವಿಲ್ಲವೆಂದು ಇಲಾಖೆ ವಿಧವೆಯ ಅರ್ಜಿಯನ್ನು ತಳ್ಳಿಹಾಕಿತು.

ಅಂಥ ಫೈಲುಗಳು ಸಾಮಾನ್ಯವಾಗಿ ಅಲ್ಲಿಗೇ ಮುಚ್ಚಿಹೋಗುತ್ತವೆ. ಡಿವಿಕ್ಟರ್ ಮುಚ್ಚಲಿಲ್ಲ. ಮುಂದೆ ತಮ್ಮ ಮೇಜಿಗೆ ಬಂದ ವಿಯೆಟ್ನಾಂ ಯೋಧರನ್ನೆಲ್ಲ ಕೂರಿಸಿಕೊಂಡು ಕೇಳತೊಡಗಿದರು: ಎಲ್ಲಿದ್ದಿರಿ, ಗಿಡಮರ ಒಣಗಿದ್ದನ್ನು ಕಂಡಿರಾ, ಮೈಮೇಲೆ ಏನಾದರೂ ಬಿತ್ತೆ, ಚರ್ಮದ ಮೇಲೆ ಗುಳ್ಳೆ ಎದ್ದವೆ, ಮಕ್ಕಳು ಹೇಗೆ ಹುಟ್ಟಿದರು. ಉತ್ತರಗಳು ಒಂದನ್ನೊಂದು ಹೋಲುತ್ತಿದ್ದವು. ಮೇಲಿನವರಿಂದ ಇದನ್ನು ನಿಲ್ಲಿಸುವ ಸೂಚನೆ ಬಂದಾಗ ಅವರು ತಮ್ಮ ಪಟ್ಟಿಯನ್ನು ಸ್ಥಳೀಯ ಟಿವಿ ಪತ್ರಕರ್ತ ಬಿಲ್ ಕರ್ಟಿಸ್ ಕೈಗಿತ್ತರು. 1978ರ ಮಾರ್ಚ್‌ನಲ್ಲಿ ಕರ್ಟಿಸ್ ಅವರ ಸಾಕ್ಷ್ಯಚಿತ್ರ ಪ್ರಸಾರವಾಯಿತು. ‘ಏಜೆಂಟ್ ಆರೆಂಜ್’ ಎಂಬ ಹೆಸರು ಅಮೆರಿಕದ ಮನೆಮನೆ ಹೊಕ್ಕಿತು. ಡಿವಿಕ್ಟರ್ ಅವರನ್ನು ಇಲಾಖೆ 1984ರಲ್ಲಿ ಕೆಲಸದಿಂದ ತೆಗೆಯಿತು.

ಸೇನೆ ಸೇರುವಾಗ ಗಟ್ಟಿಮುಟ್ಟಾಗಿದ್ದ ಮನುಷ್ಯ ಹತ್ತು ವರ್ಷದ ಮೇಲೆ ಹಾಸಿಗೆ ಹಿಡಿದರೆ, ಕಾಯಿಲೆಗೆ ಕಾರಣ ಸೇವೆಯೇ ಎಂದು ಸಾಬೀತು ಮಾಡಬೇಕಾದವರು ಯಾರು? ಅಲ್ಲವೆಂದು ತೋರಿಸಬೇಕಾದವರು ಯಾರು? ಷಿಕಾಗೊದ ಆ ಮೇಜಿನ ಮೇಲೆ ಎದ್ದ ಪ್ರಶ್ನೆ ಇದು. ಉತ್ತರ ಕಂಡುಕೊಳ್ಳಲು ಅಮೆರಿಕಕ್ಕೆ ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು.

ಏಜೆಂಟ್ ಆರೆಂಜ್ ಒಂದು ಕಳೆನಾಶಕ. 2,4-ಡಿ ಮತ್ತು 2,4,5-ಟಿ ಎಂಬ ಎರಡು ರಾಸಾಯನಿಕಗಳ ಸಮಪಾಲು ಮಿಶ್ರಣ. ಮೊದಲನೆಯದು ನಮ್ಮ ರೈತರಿಗೂ ಗೊತ್ತು. ಕಬ್ಬು, ಮೆಕ್ಕೆಜೋಳದ ಹೊಲಗಳಲ್ಲಿ ಇಂದಿಗೂ ಸಿಂಪಡಿಸುತ್ತಾರೆ. ಕೇಡಿದ್ದದ್ದು ಎರಡನೆಯದರ ತಯಾರಿಕೆಯಲ್ಲಿ. ಅದನ್ನು ಕಾಯಿಸಿ ಮಾಡುವಾಗ ಟಿಸಿಡಿಡಿ ಎಂಬ ಡಯಾಕ್ಸಿನ್ ಹುಟ್ಟಿಕೊಳ್ಳುತ್ತದೆ. ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಮೈಯಲ್ಲೇ ಉಳಿಯುವ ವಿಷ ಅದು. ಯುದ್ಧದ ಬೇಡಿಕೆ ಪೂರೈಸಲು ಕಾರ್ಖಾನೆಗಳು ಅವಸರಕ್ಕೆ ಬಿದ್ದಾಗ ಈ ಕಲಬೆರಕೆಯೂ ಏರಿತು. 208 ಲೀಟರಿನ ಪೀಪಾಯಿಗಳ ಸುತ್ತ ಗುರುತಿಗೆಂದು ಬಳಿದ ಕಿತ್ತಳೆ ಬಣ್ಣದ ಪಟ್ಟೆಯಿಂದ ಇದಕ್ಕೆ ಆ ಹೆಸರು. ಬಿಳಿ, ನೀಲಿ, ನೇರಳೆ, ಗುಲಾಬಿ, ಹಸಿರು ಪಟ್ಟೆಯವೂ ಇದ್ದವು.

1962ರ ಜನವರಿಯಲ್ಲಿ ‘ರ‍್ಯಾಂಚ್ ಹ್ಯಾಂಡ್’ ಎಂಬ ಹೆಸರಿನಲ್ಲಿ ಶುರುವಾದ ಕಾರ್ಯಾಚರಣೆ 1971ರ ಜನವರಿವರೆಗೆ ನಡೆಯಿತು. ಶತ್ರು ಅಡಗುವ ಕಾಡಿನ ಎಲೆ ಉದುರಿಸುವುದು ಒಂದು ಉದ್ದೇಶ, ಅವನ ಅನ್ನಕ್ಕೆ ಒದಗುವ ಪೈರು ಕೊಲ್ಲುವುದು ಇನ್ನೊಂದು. ದಕ್ಷಿಣ ವಿಯೆಟ್ನಾಂ ಮೇಲೆ ಒಟ್ಟು ಸುಮಾರು 7.5 ಕೋಟಿ ಲೀಟರ್ ಕಳೆನಾಶಕ ಸುರಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆರೆಂಜ್‌ನದು. ಇದರಿಂದ ಮನುಷ್ಯರಿಗೆ ಅಪಾಯವಿಲ್ಲವೆಂದು ಸೈನಿಕರಿಗೆ ಹೇಳಲಾಗಿತ್ತು. ಖಾಲಿ ಪೀಪಾಯಿಗಳನ್ನು ಸೀಳಿ ಅವರು ಮಾಂಸ ಸುಡುವ ಒಲೆ ಮಾಡಿಕೊಂಡರು, ಎತ್ತರಕ್ಕೇರಿಸಿ ಸ್ನಾನದ ನೀರಿನ ತೊಟ್ಟಿ ಮಾಡಿಕೊಂಡರು.

ಎಚ್ಚರಿಕೆಯ ದನಿಗಳು ಇರಲಿಲ್ಲವೆಂದಲ್ಲ. 1967ರಲ್ಲೇ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಅಧ್ಯಕ್ಷ ಜಾನ್ಸನ್‌ಗೆ ಮನವಿ ಸಲ್ಲಿಸಿದ್ದರು. ಅವರಲ್ಲಿ 17 ಮಂದಿ ನೊಬೆಲ್ ಪುರಸ್ಕೃತರು. ಯೇಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಆರ್ಥರ್ ಗಾಲ್‌ಸ್ಟನ್ ಪ್ರಾಯದಲ್ಲಿ ಸೋಯಾ ಗಿಡ ಬೇಗ ಹೂಬಿಡುವಂತೆ ಮಾಡುವ ರಾಸಾಯನಿಕದ ಬಗ್ಗೆ ಸಂಶೋಧನೆ ಮಾಡಿದ್ದವರು. ಪ್ರಮಾಣ ಹೆಚ್ಚಿದರೆ ಅದೇ ರಾಸಾಯನಿಕ ಎಲೆ ಉದುರಿಸುತ್ತದೆ ಎಂಬ ತಮ್ಮ ಅರಿವು ಯುದ್ಧಕ್ಕೆ ಒದಗಿದ್ದು ಅವರನ್ನು ಕೊನೆಯವರೆಗೂ ಕಾಡಿತು. ಸಿಂಪರಣೆಯ ವಿರುದ್ಧ ಮುಂದಾಳಾಗಿ ನಿಂತರು. 2,4,5-ಟಿ ಉಣ್ಣಿಸಿದ ಇಲಿಗಳ ಮರಿಗಳಲ್ಲಿ ಹುಟ್ಟು ವೈಕಲ್ಯ ಕಂಡ ವರದಿ 1969ರಲ್ಲಿ ಬಯಲಾಯಿತು. 1970ರ ಏಪ್ರಿಲ್‌ನಲ್ಲಿ ಏಜೆಂಟ್ ಆರೆಂಜ್ ಬಳಕೆಗೆ ತಡೆ ಬಿತ್ತು.

ಉಳಿದ ದಾಸ್ತಾನನ್ನು, ಸುಮಾರು 83 ಲಕ್ಷ ಲೀಟರನ್ನು, ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಬಳಿ ‘ವಲ್ಕನಸ್’ ಎಂಬ ಹಡಗಿನ ಕುಲುಮೆಯಲ್ಲಿ ಸುಟ್ಟರು. ಅದು ನಡೆದದ್ದೂ 1977ರಲ್ಲೇ. ಮನುಷ್ಯರಿಲ್ಲದ ನಡುಗಡಲಿಗೆ ಒಯ್ದು ಸುಡಬೇಕಾದಷ್ಟು ಅಪಾಯದ ವಸ್ತು ಎಂದು ಸರ್ಕಾರದ ಒಂದು ಕೈಗೆ ಗೊತ್ತಿತ್ತು. ಅದೇ ವರ್ಷ ಇನ್ನೊಂದು ಕೈ ಷಿಕಾಗೊದ ವಿಧವೆಯ ಅರ್ಜಿಯ ಮೇಲೆ ‘ಸಂಬಂಧವಿಲ್ಲ’ ಎಂದು ಷರಾ ಬರೆಯುತ್ತಿತ್ತು.

ಅರ್ಜಿ ಹಾಕಿದವನ ಮುಂದೆ ಆಗ ಎಂಥ ಗೋಡೆ ಇತ್ತೆಂಬುದನ್ನು ತಿಳಿಯದೆ ಮುಂದಿನ ಸಿಟ್ಟು ಅರ್ಥವಾಗದು. ಪರಿಹಾರ ಸಿಗಬೇಕಾದರೆ ಈಗ ಕಾಯಿಲೆ ಇರಬೇಕು, ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗಬಲ್ಲ ಘಟನೆ ನಡೆದಿರಬೇಕು, ಎರಡಕ್ಕೂ ಕೊಂಡಿ ಇದೆಯೆಂದು ವೈದ್ಯಕೀಯ ಆಧಾರವಿರಬೇಕು. ಗುಂಡೇಟಿಗೆ ಈ ಲೆಕ್ಕ ಸಲೀಸು. ಆಕಾಶದಿಂದ ಇಳಿದ ಮಂಜಿನಂಥ ಹನಿಗೆ? ಯಾವ ದಿನ, ಯಾವ ಕಾಡಿನಲ್ಲಿ, ಎಷ್ಟು ಹನಿ ಬಿತ್ತೆಂದು ಯಾವ ಸಿಪಾಯಿ ಬರೆದಿಟ್ಟಿರುತ್ತಾನೆ? ಸಂದೇಹ ಬಂದಾಗ ಅದರ ಲಾಭ ಯೋಧನಿಗೇ ಹೋಗಬೇಕೆಂಬ ನಿಯಮ ಕಾಗದದ ಮೇಲಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲಾಖೆಯ ತೀರ್ಮಾನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು 1988ರವರೆಗೂ ಸಾಮಾನ್ಯವಾಗಿ ಅವಕಾಶವೇ ಇರಲಿಲ್ಲ. ವಕೀಲರನ್ನು ಹಿಡಿಯೋಣವೆಂದರೆ ಇಂಥ ಅರ್ಜಿಗೆ ಅವರು 10 ಡಾಲರ್‌ಗಿಂತ ಹೆಚ್ಚು ಶುಲ್ಕ ಪಡೆಯುವಂತಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, ಮುಗ್ಧ ಸೈನಿಕರನ್ನು ಸುಲಿಯುವ ದಲ್ಲಾಳಿಗಳನ್ನು ತಡೆಯಲೆಂದು 1864ರಲ್ಲಿ ಮಾಡಿದ ಮಿತಿ ಅದು. ನೂರು ವರ್ಷ ಕಳೆದರೂ ಅದೇ ಹತ್ತು ಡಾಲರ್. ಸರ್ಕಾರದ ಮೇಲೇ ದಾವೆ ಹೂಡುವ ದಾರಿಯನ್ನು 1950ರ ಫೆರೆಸ್ ತೀರ್ಪು ಮುಚ್ಚಿತ್ತು.

ಉಳಿದದ್ದು ರಾಸಾಯನಿಕ ತಯಾರಿಸಿದ ಕಂಪನಿಗಳು.

ಪಾಲ್ ರಾಯ್ಟರ್‌ಶಾನ್ ವಿಯೆಟ್ನಾಂನಲ್ಲಿ ಹೆಲಿಕಾಪ್ಟರ್ ಸಿಬ್ಬಂದಿಯಾಗಿದ್ದವರು. ಸಿಂಪರಣೆಯ ಮೋಡಗಳ ನಡುವೆಯೇ ಹಾರಾಡಿದ್ದರು. ಹೊಟ್ಟೆಯ ಕ್ಯಾನ್ಸರ್ ಮೈಯೆಲ್ಲ ಹಬ್ಬಿದ್ದಾಗ, 1978ರಲ್ಲಿ, ರಾಷ್ಟ್ರೀಯ ಟಿವಿಯ ಬೆಳಗಿನ ಕಾರ್ಯಕ್ರಮವೊಂದಕ್ಕೆ ಬಂದು ತಾನು ವಿಯೆಟ್ನಾಂನಲ್ಲೇ ಸತ್ತಿದ್ದೆ, ಅದು ತನಗೆ ತಿಳಿದಿರಲಿಲ್ಲ ಎಂಬರ್ಥದ ಮಾತಾಡಿದರು. ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 28 ವರ್ಷ. ಅವರು ಹೂಡಿದ್ದ ಮೊಕದ್ದಮೆಯನ್ನು ಕೈಗೆತ್ತಿಕೊಂಡ ವಕೀಲ ವಿಕ್ಟರ್ ಯಾನಕೋನ್, ಹಿಂದೆ ಡಿಡಿಟಿ ವಿರುದ್ಧ ಹೋರಾಡಿದ್ದವರು, 1979ರ ಜನವರಿಯಲ್ಲಿ ಅದನ್ನು ವಿಯೆಟ್ನಾಂ ಯೋಧರೆಲ್ಲರ ಪರವಾದ ಸಾಮೂಹಿಕ ದಾವೆಯಾಗಿ ಬೆಳೆಸಿದರು. ಡೌ, ಮೊನ್ಸಾಂಟೊ, ಡೈಮಂಡ್ ಶ್ಯಾಮ್‌ರಾಕ್ ಸೇರಿ ಏಳು ಕಂಪನಿಗಳು ಕೊನೆಯವರೆಗೆ ಪ್ರತಿವಾದಿಗಳಾಗಿ ಉಳಿದವು.

ಐದು ವರ್ಷ ಕಾದಮೇಲೆ ವಿಚಾರಣೆಗೆ ದಿನ ಗೊತ್ತಾಯಿತು: 1984ರ ಮೇ 7, ಸೋಮವಾರ, ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯ. ಸಾವಿರಾರು ಯೋಧರು ಕಾಯುತ್ತಿದ್ದದ್ದು ಹಣಕ್ಕಿಂತ ಹೆಚ್ಚಾಗಿ ಆ ದಿನಕ್ಕೆ. ಸಾಕ್ಷಿಕಟ್ಟೆ ಹತ್ತಿ, ತಮಗಾದದ್ದನ್ನು ದೇಶಕ್ಕೆ ಹೇಳುವ ದಿನ. ಆದರೆ ಅದರ ಹಿಂದಿನ ರಾತ್ರಿಯಿಡೀ ನ್ಯಾಯಾಧೀಶ ಜಾಕ್ ವೈನ್‌ಸ್ಟೀನ್ ಎರಡೂ ಕಡೆಯ ವಕೀಲರನ್ನು ಕೋಣೆಯಿಂದ ಕೋಣೆಗೆ ಓಡಾಡಿಸಿ ಮಾತುಕತೆ ನಡೆಸಿದರು. ಬೆಳಗಿನ ಜಾವ ರಾಜಿಯಾಯಿತು: 18 ಕೋಟಿ ಡಾಲರ್. ಕಂಪನಿಗಳು ತಪ್ಪೊಪ್ಪಿಕೊಳ್ಳಲಿಲ್ಲ. ವಿಚಾರಣೆ ನಡೆಯಲೇ ಇಲ್ಲ.

ಆ ಕಾಲಕ್ಕೆ ಅದು ದಾಖಲೆಯ ಮೊತ್ತ. ಆದರೆ ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ್ದ ಅಮೆರಿಕನ್ನರ ಸಂಖ್ಯೆ 26 ಲಕ್ಷದಷ್ಟು. ಹಂಚಿಕೆಯ ಯೋಜನೆಯಂತೆ ಪೂರ್ತಿ ಅಂಗವಿಕಲನಾದವನಿಗೆ ಹತ್ತು ವರ್ಷಗಳಲ್ಲಿ ಸಿಗಬಹುದಾಗಿದ್ದ ಗರಿಷ್ಠ ಮೊತ್ತ 12,800 ಡಾಲರ್. ಕೊನೆಗೆ ಅರ್ಜಿ ಹಾಕಿದ 1,05,000 ಮಂದಿಯಲ್ಲಿ ಸುಮಾರು 52,000 ಜನರಿಗೆ ಸರಾಸರಿ 3,800 ಡಾಲರ್ ಸಿಕ್ಕಿತು. ರಾಜಿಯ ಬಗ್ಗೆ ಅಭಿಪ್ರಾಯ ಕೇಳಲು ನ್ಯಾಯಾಧೀಶರು ಐದು ನಗರಗಳಲ್ಲಿ ಸಭೆ ನಡೆಸಿದಾಗ ಯೋಧರೂ ಅವರ ಹೆಂಡಿರೂ ಬಂದು ಗೋಳು ತೋಡಿಕೊಂಡರು, ತಮ್ಮ ಹೆಸರಿನಲ್ಲಿ ಯಾರೋ ಸಹಿ ಹಾಕಿಬಿಟ್ಟರೆಂದು ಸಿಟ್ಟಾದರು. ಕಾನೂನು ಪಂಡಿತರಲ್ಲಿ ಈ ರಾಜಿಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ವಿಚಾರಣೆಗೆ ಹೋಗಿದ್ದರೆ ಕಾರಣ–ಪರಿಣಾಮದ ಪುರಾವೆ ಸಾಲದೆ ಬರಿಗೈಯಲ್ಲಿ ಮರಳಬೇಕಿತ್ತು ಎನ್ನುವವರಿದ್ದಾರೆ. ರಾಜಿಗೆ ಒಪ್ಪದೆ ಹೊರಗುಳಿದವರ ದಾವೆಗಳನ್ನು ವೈನ್‌ಸ್ಟೀನ್ 1985ರಲ್ಲಿ ವಜಾ ಮಾಡಿದ್ದನ್ನು ಅವರು ಎತ್ತಿ ತೋರಿಸುತ್ತಾರೆ. ಆದರೆ ಸತ್ಯ ಬಯಲಿಗೆ ಬರಬೇಕಿದ್ದ ಏಕೈಕ ಕಟಕಟೆ ಅಂದು ಮುಚ್ಚಿತು ಎನ್ನುವವರ ಮಾತನ್ನು ತಳ್ಳಿಹಾಕುವುದು ಕಷ್ಟ.

ವಿಜ್ಞಾನದ ಅಂಗಳದಲ್ಲೂ ಜಗಳವೇ. ರೋಗ ನಿಯಂತ್ರಣ ಕೇಂದ್ರದ ದೊಡ್ಡ ಅಧ್ಯಯನವೊಂದು 1987ರಲ್ಲಿ ನಿಂತುಹೋಯಿತು. ಯಾರಿಗೆ ಎಷ್ಟು ವಿಷ ತಗುಲಿತೆಂದು ಸೇನೆಯ ದಾಖಲೆಗಳಿಂದ ಹೇಳಲಾಗದು, ಅಲ್ಲಿದ್ದವರ ರಕ್ತಕ್ಕೂ ಅಲ್ಲಿಗೆ ಹೋಗದವರ ರಕ್ತಕ್ಕೂ ಡಯಾಕ್ಸಿನ್ ಮಟ್ಟದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ ಎಂದು ಕೇಂದ್ರ ಕಾರಣ ಕೊಟ್ಟಿತು. ಶ್ವೇತಭವನವೇ ಅಧ್ಯಯನಕ್ಕೆ ಅಡ್ಡಗಾಲು ಹಾಕಿತು ಎಂದು ಸಂಸತ್ತಿನ ಸಮಿತಿಯೊಂದು 1990ರಲ್ಲಿ ಆರೋಪಿಸಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಜೀನ್ ಸ್ಟೆಲ್‌ಮನ್ ಮತ್ತು ಸಂಗಡಿಗರು ವಿಮಾನಗಳ ಹಾರಾಟದ ದಾಖಲೆಗಳನ್ನೇ ಜೋಡಿಸಿ, 2003ರಲ್ಲಿ ಹೊಸ ಲೆಕ್ಕ ಮುಂದಿಟ್ಟರು: ಸುರಿದ ಪ್ರಮಾಣ ಹಿಂದೆ ಎಣಿಸಿದ್ದಕ್ಕಿಂತ 70 ಲಕ್ಷ ಲೀಟರ್ ಹೆಚ್ಚು, ಸಿಂಪರಣೆಯಾದ ಹಳ್ಳಿಗಳಲ್ಲಿ ಇದ್ದ ಜನ ಕನಿಷ್ಠ 21 ಲಕ್ಷ, ಹೆಚ್ಚೆಂದರೆ 48 ಲಕ್ಷ.

ಈ ಕಥೆಯಲ್ಲಿ ಮನಸ್ಸನ್ನು ಹಿಂಡುವ ಭಾಗ ಜುಮ್‌ವಾಲ್ಟ್ ಮನೆಯದು. ಅಡ್ಮಿರಲ್ ಎಲ್ಮೊ ಜುಮ್‌ವಾಲ್ಟ್ 1968ರಿಂದ 1970ರವರೆಗೆ ವಿಯೆಟ್ನಾಂನಲ್ಲಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥ. ಹೊಳೆ, ಕಾಲುವೆಗಳ ದಡದ ಪೊದೆಗಳಲ್ಲಿ ಅಡಗಿ ಶತ್ರುಗಳು ದೋಣಿಗಳ ಮೇಲೆ ಗುಂಡು ಹಾರಿಸುತ್ತಿದ್ದುದರಿಂದ ನಾವಿಕರು ಸಾಯುತ್ತಿದ್ದರು. ದಡದ ಹಸಿರನ್ನು ಸುಟ್ಟುಬಿಡಿ ಎಂದು ಕಳೆನಾಶಕ ಸಿಂಪಡಿಸಲು ಆಜ್ಞೆ ಕೊಟ್ಟವರು ಅವರೇ. ಆ ದೋಣಿಗಳಲ್ಲಿ ಒಂದರ ನಾಯಕ ಅವರ ಸ್ವಂತ ಮಗ, ಅದೇ ಹೆಸರಿನ ಮೂರನೆಯ ಎಲ್ಮೊ. 1983ರಲ್ಲಿ ಮಗನಿಗೆ ದುಗ್ಧಗ್ರಂಥಿಯ ಕ್ಯಾನ್ಸರ್, ಆಮೇಲೆ ಇನ್ನೊಂದು ಬಗೆಯ ಕ್ಯಾನ್ಸರ್. ಮೊಮ್ಮಗ ಇಂದ್ರಿಯಗಳ ಗ್ರಹಿಕೆಯ ತೊಂದರೆಯೊಂದಿಗೇ ಹುಟ್ಟಿದ್ದ. ತಂದೆ ಮಗ ಇಬ್ಬರೂ ಸೇರಿ 1986ರಲ್ಲಿ ಒಂದು ಪುಸ್ತಕ ಬರೆದರು. ಮಗ ತಂದೆಯನ್ನು ದೂರಲಿಲ್ಲ. ಆ ಆಜ್ಞೆಯಿಂದ ಎಷ್ಟೋ ನಾವಿಕರ ಜೀವ ಉಳಿಯಿತು, ಅವರಲ್ಲಿ ತಾನೂ ಒಬ್ಬನಿರಬಹುದು ಎಂಬುದು ಅವನ ನಂಬಿಕೆ. 1988ರ ಆಗಸ್ಟ್‌ನಲ್ಲಿ 42ನೇ ವಯಸ್ಸಿಗೆ ಆತ ತೀರಿಕೊಂಡ. ಮರುವರ್ಷ ಇಲಾಖೆಯ ಮುಖ್ಯಸ್ಥ ಎಡ್ ಡರ್ವಿನ್ಸ್ಕಿ ತಂದೆಯನ್ನೇ ಕರೆದು, ಈವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿ ಎಂದು ಕೇಳಿಕೊಂಡರು. 1990ರ ಮೇ ತಿಂಗಳ ವರದಿಯಲ್ಲಿ ಅಡ್ಮಿರಲ್ ಹಲವು ಕಾಯಿಲೆಗಳಿಗೂ ಏಜೆಂಟ್ ಆರೆಂಜ್‌ಗೂ ನಂಟಿದೆ ಎಂದರು, ಸರ್ಕಾರಿ ಅಧ್ಯಯನಗಳಲ್ಲಿನ ಲೋಪಗಳನ್ನು ಬಿಚ್ಚಿಟ್ಟರು. ಆಜ್ಞೆ ಕೊಟ್ಟ ಕೈಯೇ ಬರೆದ ಆ ವರದಿಯನ್ನು ಯಾರೂ ಸುಲಭವಾಗಿ ಬದಿಗಿಡುವಂತಿರಲಿಲ್ಲ.

ಇಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1984ರಲ್ಲಿ ಸಂಸತ್ತು ಡಯಾಕ್ಸಿನ್ ಬಗ್ಗೆ ನಿಯಮ ಮಾಡುವಂತೆ ಇಲಾಖೆಗೆ ಹೇಳಿದಾಗ ಇಲಾಖೆ ಒಪ್ಪಿಕೊಂಡದ್ದು ಒಂದೇ ಕಾಯಿಲೆ: ಕ್ಲೋರಾಕ್ನೆ ಎಂಬ ಚರ್ಮದ ಗುಳ್ಳೆರೋಗ. ಕ್ಯಾನ್ಸರ್‌ನ ಅರ್ಜಿಗಳೆಲ್ಲ ತಿರಸ್ಕೃತ. ಇದರ ವಿರುದ್ಧ ‘ನೇಮರ್’ ಪ್ರಕರಣ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಹತ್ತಿತು. 1989ರ ಮೇ ತಿಂಗಳಲ್ಲಿ ನ್ಯಾಯಾಧೀಶ ಥೆಲ್ಟನ್ ಹೆಂಡರ್‌ಸನ್ ಕೊಟ್ಟ ತೀರ್ಪಿನ ತಿರುಳು ಇಷ್ಟು: ಇದರಿಂದಲೇ ಅದು ಆಯಿತೆಂಬ ಖಚಿತ ಪುರಾವೆಯನ್ನು ಇಲಾಖೆ ಕೇಳಿದ್ದು ತಪ್ಪು; ಅಂಕಿಅಂಶದಲ್ಲಿ ಗಣನೀಯ ನಂಟು ಕಂಡರೆ ಸಾಕೆಂಬುದು ಸಂಸತ್ತಿನ ಇಂಗಿತವಾಗಿತ್ತು; ಸಂದೇಹದ ಲಾಭವನ್ನೂ ಯೋಧರಿಗೆ ಕೊಟ್ಟಿಲ್ಲ. ಆ ನಿಯಮದಡಿ ತಿರಸ್ಕರಿಸಿದ್ದ ಸಾವಿರಾರು ಅರ್ಜಿಗಳ ಆದೇಶ ರದ್ದಾಯಿತು. ಡರ್ವಿನ್ಸ್ಕಿ ಮೇಲ್ಮನವಿಗೆ ಹೋಗಲಿಲ್ಲ. ಆ ನಿರ್ಧಾರಕ್ಕೆ ಸಿಗಬೇಕಾದಷ್ಟು ಶ್ರೇಯಸ್ಸು ಸಿಕ್ಕಿಲ್ಲ.

1991ರ ಫೆಬ್ರುವರಿ 6ರಂದು, ಕೊಲ್ಲಿ ಯುದ್ಧದಲ್ಲಿ ಹೊಸ ತಲೆಮಾರಿನ ಸೈನಿಕರು ಮರಳುಗಾಡಿನಲ್ಲಿದ್ದಾಗ, ಅಧ್ಯಕ್ಷ ಜಾರ್ಜ್ ಬುಷ್ ‘ಏಜೆಂಟ್ ಆರೆಂಜ್ ಕಾಯ್ದೆ’ಗೆ ಸಹಿ ಹಾಕಿದರು. ಎರಡೂ ಸದನಗಳಲ್ಲಿ ಅದರ ವಿರುದ್ಧ ಒಂದು ಮತವೂ ಬಿದ್ದಿರಲಿಲ್ಲ. 1962ರ ಜನವರಿ 9ರಿಂದ 1975ರ ಮೇ 7ರ ನಡುವೆ ವಿಯೆಟ್ನಾಂನಲ್ಲಿದ್ದ ಪ್ರತಿಯೊಬ್ಬ ಸೈನಿಕನಿಗೂ ವಿಷ ತಗುಲಿದೆ ಎಂದೇ ಕಾನೂನು ಒಪ್ಪಿಕೊಂಡುಬಿಟ್ಟಿತು. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದು ಎಂಬುದೂ ಹಾಗೆಯೇ. ಪಟ್ಟಿಗೆ ಏನು ಸೇರಬೇಕೆಂದು ಎರಡು ವರ್ಷಕ್ಕೊಮ್ಮೆ ಅಧ್ಯಯನಗಳನ್ನು ಜಾಲಾಡಿ ಹೇಳುವ ಕೆಲಸ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಬಂತು. ಕಾನೂನಿನವರು ಪೂರ್ವಭಾವನೆ ಎಂದು ಕರೆಯುವ ಈ ಉಪಾಯ ತೀರ ಹೊಸದಲ್ಲ; ಮೊದಲ ಮಹಾಯುದ್ಧದಿಂದ ಮರಳಿದವರ ಕ್ಷಯಕ್ಕೆ 1921ರಲ್ಲೇ ಹೀಗೆ ಮಾಡಿದ್ದರು.

ನಮ್ಮ ದೇಶದ ಸೈನಿಕರಿಗೂ ಈ ಜಗ್ಗಾಟ ಹೊಸತಲ್ಲ. ಅಪಸ್ಮಾರದ ಕಾರಣಕ್ಕೆ ಸೇನೆಯಿಂದ ಹೊರಬಂದ ಸಿಗ್ನಲ್ಸ್ ದಳದ ಸಿಪಾಯಿಯೊಬ್ಬರಿಗೆ, ಕಾಯಿಲೆ ಮೈಯಲ್ಲೇ ಇದ್ದದ್ದು, ಸೇವೆಯಿಂದ ಬಂದದ್ದಲ್ಲ ಎಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ್ದರು. ಭರ್ತಿಯ ವೇಳೆ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆಮೇಲೆ ಬಂದದ್ದು ಸೇವೆಯಿಂದಲೇ ಎಂದು ತಿಳಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಸಾರಿತು. ಆ ನಿಯಮ 1982ರಿಂದಲೂ ಪುಸ್ತಕದಲ್ಲಿತ್ತು.

ಅಮೆರಿಕದ ಪಟ್ಟಿ ಬೆಳೆಯುತ್ತ ಹೋಯಿತು. 1994ರಲ್ಲಿ ಶ್ವಾಸಕೋಶದ ಕ್ಯಾನ್ಸರ್, 1996ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್. ಯೋಧರ ಮಕ್ಕಳಿಗೆ ಹುಟ್ಟಿನಿಂದ ಬರುವ ಬೆನ್ನುಹುರಿಯ ವೈಕಲ್ಯಕ್ಕೂ ನೆರವು ಸಿಕ್ಕಿತು. 2001ರಲ್ಲಿ ಸಕ್ಕರೆ ಕಾಯಿಲೆ ಸೇರಿತು. ಅದಕ್ಕೆ ಆಧಾರ ಒದಗಿಸಿದ್ದರಲ್ಲಿ ಸಿಂಪರಣೆಯ ವಿಮಾನ ಹಾರಿಸಿದ್ದವರನ್ನೇ ವಾಯುಪಡೆ ದಶಕಗಳ ಕಾಲ ತಪಾಸಣೆ ಮಾಡಿದ ಅಧ್ಯಯನವೂ ಒಂದು. 2010ರಲ್ಲಿ ಹೃದ್ರೋಗ ಮತ್ತು ಪಾರ್ಕಿನ್ಸನ್ ಸೇರಿದಾಗ ವಿರೋಧ ಜೋರಾಯಿತು. ಅರವತ್ತು ದಾಟಿದ ಗಂಡಸರಲ್ಲಿ ಸಕ್ಕರೆ, ಹೃದಯದ ತೊಂದರೆ ಯಾರಿಗಿಲ್ಲ, ಇದಕ್ಕೆಲ್ಲ ಕಳೆನಾಶಕವೇ ಕಾರಣವೆ ಎಂದು ಟೀಕಾಕಾರರು ಕೇಳಿದರು. ವೈದ್ಯಕೀಯವಾಗಿ ಅದು ತೆಗೆದುಹಾಕುವಂಥ ಪ್ರಶ್ನೆಯಲ್ಲ. ಆದರೆ ಯಾರಿಗೆ ಎಷ್ಟು ತಗುಲಿತೆಂಬ ಲೆಕ್ಕ ಇಡಬೇಕಿದ್ದದ್ದು ಸಿಂಪಡಿಸಿದ ಸರ್ಕಾರ. ಅದು ಇಡದೆ ಹೋದ ಲೆಕ್ಕದ ದಂಡವನ್ನು ಸಿಪಾಯಿ ಯಾಕೆ ತೆರಬೇಕು? ಸ್ವತಃ ವಿಯೆಟ್ನಾಂನಲ್ಲಿ ಪಾದದ ಒಂದು ಭಾಗ ಕಳೆದುಕೊಂಡಿದ್ದ ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ಹಿಂಜರಿಯಲಿಲ್ಲ. ನೇಮರ್ ಪ್ರಕರಣದ ಒಪ್ಪಂದದಂತೆ, ಹೊಸ ಕಾಯಿಲೆ ಸೇರಿದಾಗಲೆಲ್ಲ ಹಿಂದೆ ತಿರಸ್ಕರಿಸಿದ ಫೈಲುಗಳನ್ನು ಇಲಾಖೆಯೇ ಹುಡುಕಿ ತೆಗೆದು, ಮೊದಲು ಅರ್ಜಿ ಹಾಕಿದ ದಿನದಿಂದ ಬಾಕಿ ಕಟ್ಟಬೇಕು. ಅರ್ಜಿದಾರ ಸತ್ತಿದ್ದರೆ ಮನೆಯವರಿಗೆ. ಹೀಗೆ ಸಂದಾಯವಾದ ಬಾಕಿಯೇ 400 ಕೋಟಿ ಡಾಲರ್ ದಾಟಿದೆ.

ಪಟ್ಟಿಯ ಹೊರಗೂ ಜನ ಉಳಿದಿದ್ದರು. ಕರಾವಳಿಯಾಚೆ ಹಡಗುಗಳಲ್ಲಿದ್ದ ನಾವಿಕರು ವಿಯೆಟ್ನಾಂ ನೆಲಕ್ಕೆ ಕಾಲಿಟ್ಟಿಲ್ಲವೆಂದು 2002ರಲ್ಲಿ ಇಲಾಖೆ ಅವರನ್ನು ಹೊರಗಿಟ್ಟಿತು. ಸಮುದ್ರದ ನೀರನ್ನು ಭಟ್ಟಿ ಇಳಿಸಿ ಕುಡಿಯುವ ನೀರು ಮಾಡುವ ಹಡಗಿನ ಯಂತ್ರದಲ್ಲಿ ಡಯಾಕ್ಸಿನ್ ಕಡಿಮೆಯಾಗುವ ಬದಲು ಸಾಂದ್ರವಾಗುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ಅದೇ ವರ್ಷ ತೋರಿಸಿಕೊಟ್ಟಿದ್ದರು. ಆ ನಾವಿಕರಿಗೆ ನ್ಯಾಯ ಸಿಕ್ಕಿದ್ದು 2019ರಲ್ಲಿ, ಮೊದಲು ನ್ಯಾಯಾಲಯದಿಂದ, ಆಮೇಲೆ ಹೊಸ ಕಾಯ್ದೆಯಿಂದ. ಹದಿನೇಳು ವರ್ಷ, ಅದೂ ಎಪ್ಪತ್ತರ ಆಸುಪಾಸಿನ ರೋಗಿಗಳಿಗೆ.

ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಥೆ ಮರುಕಳಿಸಿತು. ಈ ಬಾರಿ ಪೀಪಾಯಿಯಲ್ಲ, ಹೊಂಡ. ಸೇನಾ ನೆಲೆಗಳ ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆಯ ಕಸವನ್ನೆಲ್ಲ ಬಯಲಿನಲ್ಲಿ ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಪಕ್ಕದಲ್ಲೇ ಸೈನಿಕರ ಬಿಡಾರ. ಶ್ವಾಸಕೋಶ ಕೆಟ್ಟು ಬಂದವರಿಗೆ ಮತ್ತೆ ಅದೇ ಪ್ರಶ್ನೆ: ಪುರಾವೆ ಎಲ್ಲಿ? 2022ರ ಜುಲೈ ಕೊನೆಯಲ್ಲಿ ಅವರ ಪರವಾದ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಬಿದ್ದಾಗ ಯೋಧರು ಸಂಸತ್ ಭವನದ ಮೆಟ್ಟಿಲ ಮೇಲೆ ಹಗಲು ರಾತ್ರಿ ಕೂತರು. ಆಗಸ್ಟ್ 2ರಂದು ಮಸೂದೆ 86–11 ಮತಗಳಿಂದ ಗೆದ್ದಿತು. ‘ಪ್ಯಾಕ್ಟ್ ಕಾಯ್ದೆ’ ಎಂದು ಹೆಸರಾದ ಅದರಲ್ಲಿ ಹಳಬರಿಗೂ ಒಂದು ಬಾಕಿ ತೀರಿತು: ವಿಯೆಟ್ನಾಂ ಯೋಧರ ರಕ್ತದೊತ್ತಡ ಪಟ್ಟಿಗೆ ಸೇರಿತು. ಅದಕ್ಕೆ ಸಾಕಷ್ಟು ಆಧಾರವಿದೆಯೆಂದು ವಿಜ್ಞಾನ ಅಕಾಡೆಮಿ 2018ರಲ್ಲೇ ಹೇಳಿತ್ತು. 1968ರಲ್ಲಿ 20 ವರ್ಷದವನಾಗಿದ್ದ ಸಿಪಾಯಿಗೆ ಆಗ 74.

ಪೀಪಾಯಿಗಳು ಖಾಲಿಯಾದ ನೆಲದಲ್ಲೂ ಯೋಧರಿದ್ದರು, ರೈತರಿದ್ದರು, ಬಸುರಿಯರಿದ್ದರು. ವಿಯೆಟ್ನಾಂನ ಸಂತ್ರಸ್ತರ ಸಂಘ 2004ರಲ್ಲಿ ಅದೇ ಬ್ರೂಕ್ಲಿನ್ ನ್ಯಾಯಾಲಯದಲ್ಲಿ ಅದೇ ಕಂಪನಿಗಳ ಮೇಲೆ ದಾವೆ ಹೂಡಿತು. ಪೀಠದಲ್ಲಿದ್ದವರು ಅದೇ ವೈನ್‌ಸ್ಟೀನ್. ಆ ಕಾಲದ ಅಂತರರಾಷ್ಟ್ರೀಯ ಕಾನೂನಿನಲ್ಲಿ ಕಳೆನಾಶಕ ಬಳಕೆಗೆ ನಿಷೇಧವಿರಲಿಲ್ಲವೆಂದು 2005ರ ಮಾರ್ಚ್‌ನಲ್ಲಿ ದಾವೆ ವಜಾ ಆಯಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಕೊಳ್ಳಲು ನಿರಾಕರಿಸಿತು. ಡಾ ನಾಂಗ್ ವಿಮಾನ ನೆಲೆಯ ಮಣ್ಣನ್ನು ಗುಡ್ಡೆ ಹಾಕಿ 300 ಡಿಗ್ರಿಗೂ ಮೇಲೆ ಕಾಯಿಸಿ ಡಯಾಕ್ಸಿನ್ ತೆಗೆಯುವ ಕೆಲಸ ಅಮೆರಿಕದ ಹಣದಲ್ಲಿ 2018ರಲ್ಲಿ ಮುಗಿಯಿತು. ಬಿಯೆನ್ ಹೋವಾ ನೆಲೆಯಲ್ಲಿ, ಅದರ ಹಲವು ಪಟ್ಟು ಮಣ್ಣಿಗೆ, 2019ರಲ್ಲಿ ಶುರುವಾಯಿತು. ಸಿಂಪರಣೆಯಾದ ಜಿಲ್ಲೆಗಳ ಅಂಗವಿಕಲರಿಗಾಗಿಯೂ ಅಮೆರಿಕದ ಸಂಸತ್ತು ಹಣ ಕೊಡುತ್ತದೆ. ಅದನ್ನು ಪರಿಹಾರವೆಂದು ಕರೆಯುವುದಿಲ್ಲ. ವೈಕಲ್ಯದ ಕಾರಣ ಏನೇ ಇರಲಿ, ನೆರವು ಸಲ್ಲಬೇಕು ಎಂಬುದು ಅದರ ಒಕ್ಕಣೆ. ತನ್ನ ಸೈನಿಕರಿಗೆ ಕಾರಣವನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡ ದೇಶ, ಅದೇ ಹನಿ ಬಿದ್ದ ಹಳ್ಳಿಗಳ ಕಡತದಲ್ಲಿ ಕಾರಣದ ಜಾಗವನ್ನು ಖಾಲಿ ಬಿಟ್ಟಿದೆ.